ಯೂರೋಪಿನಲ್ಲಿ ಭಾನುವಾರ ಲಾರಿ ಓಡಿಸಬಾರದಂತೆ, ಹೌದಾ?

ನಿಮ್ಮ ತಮ್ಮ ಪೋಲೆಂಡಿನ ಒಂದು ಕಂಪನಿಗೆ ಲಾರಿ ಡ್ರೈವರ್ ಆಗಿ ಹೊರಟಿದ್ದಾನೆ, ಅಲ್ಲಿ ಭಾನುವಾರ ಗಾಡಿ ಓಡಿಸಲು ಬಿಡುವುದಿಲ್ಲವಂತೆ, ಗಡಿಗಳಲ್ಲಿ ದಿನಗಟ್ಟಲೆ ನಿಲ್ಲಿಸುತ್ತಾರಂತೆ, ಹಾಗಾದರೆ ದುಡಿಯೋದು ಯಾವಾಗ ಅಂತ ಕೇಳಿದ್ದೀರಿ. ನಾನು ಹಾಸನದ ಕಡೆಯವನು. ಎಂಟು ವರ್ಷ ಮಂಗಳೂರು ಬಂದರಿನ ಲೋಡ್ ಹೊತ್ತು ಶಿರಾಡಿ ಘಾಟ್ ಹತ್ತಿ ಇಳಿದವನು. 2021ರಿಂದ ಪೋಲೆಂಡಿನ ಗಾಡಿ ಓಡಿಸುತ್ತಿದ್ದೇನೆ. ಹೆಚ್ಚಾಗಿ ಜರ್ಮನಿ, ಆಸ್ಟ್ರಿಯಾ, ಇಟಲಿ ಲೈನು. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಭಾನುವಾರದ ಮಾತು ನಿಜ. ಜರ್ಮನಿಯಲ್ಲಿ ಏಳೂವರೆ ಟನ್ ಮೀರಿದ ಲಾರಿ ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಮಧ್ಯರಾತ್ರಿ 12ರಿಂದ ಅವತ್ತು ರಾತ್ರಿ 10ರವರೆಗೆ ರಸ್ತೆಗೆ ಇಳಿಯುವಂತಿಲ್ಲ. ಫ್ರಾನ್ಸಿನಲ್ಲಿ ಶನಿವಾರ ರಾತ್ರಿ 10ರಿಂದ ಭಾನುವಾರ ರಾತ್ರಿ 10ರವರೆಗೆ. ಇಟಲಿಯಲ್ಲಿ ಭಾನುವಾರ ಬೆಳಗ್ಗೆ 9ಕ್ಕೆ ಶುರು, ಬೇಸಿಗೆಯಲ್ಲಿ 7ಕ್ಕೇ. ಆಸ್ಟ್ರಿಯಾ ಇನ್ನೂ ಅವಸರದ ದೇಶ. ಶನಿವಾರ ಮಧ್ಯಾಹ್ನ 3ಕ್ಕೇ ಬಾಗಿಲು ಹಾಕಿಬಿಡುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಮೂರೂವರೆ ಟನ್ ಮೀರಿದರೆ ಸಾಕು, ಭಾನುವಾರ ಪೂರ್ತಿ ಬಂದ್, ದಿನಾ ರಾತ್ರಿ 10ರಿಂದ ಬೆಳಗ್ಗೆ 5ರವರೆಗೂ ಬಂದ್. ನಮ್ಮ ಬಂಡೀಪುರದಲ್ಲಿ ರಾತ್ರಿ ಗೇಟ್ ಹಾಕುತ್ತಾರಲ್ಲ, ಹಾಗೆ ಇಡೀ ದೇಶಕ್ಕೇ ಗೇಟ್ ಹಾಕಿದಂತೆ. ಪೋಲೆಂಡಿನಲ್ಲೇ ಎಲ್ಲ ಭಾನುವಾರವೂ ನಿಷೇಧ ಇಲ್ಲ. ಹಬ್ಬಗಳಲ್ಲಿ ಮತ್ತು ಶಾಲೆಗಳ ಬೇಸಿಗೆ ರಜೆಯ ವಾರಾಂತ್ಯಗಳಲ್ಲಿ ಮಾತ್ರ, ಅದೂ 12 ಟನ್ ಮೀರಿದ ಗಾಡಿಗಳಿಗೆ.

ಇದರಲ್ಲಿ ತಮಾಷೆಯೂ ಇದೆ. ಬೇಗ ಕೆಡುವ ಸಾಮಾನಿಗೆ ವಿನಾಯಿತಿ ಉಂಟು. ಅಂದರೆ ಹಾಲು, ಮೀನು, ಹಸಿ ತರಕಾರಿ ಭಾನುವಾರವೂ ಹೋಗಬಹುದು. ಟೊಮೆಟೊ ಹಣ್ಣು ತುಂಬಿದ ಲಾರಿ ಓಡುತ್ತದೆ. ಅದೇ ಟೊಮೆಟೊ ಡಬ್ಬಿಯೊಳಗೆ ಹೋದರೆ ಲಾರಿ ನಿಲ್ಲುತ್ತದೆ. ನನ್ನ ಹಣೆಬರಹ, ನನಗೆ ಸಿಗುವುದು ಹೆಚ್ಚಾಗಿ ಡಬ್ಬಿಯೇ.

ಇನ್ನು ಜರ್ಮನಿಯ ರಜೆಗಳು ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ಅಕ್ಟೋಬರ್ 31 ಸ್ಯಾಕ್ಸನಿಯಲ್ಲಿ ರಜೆ, ಬವೇರಿಯಾದಲ್ಲಿ ಇಲ್ಲ. ಮಾರನೆಯ ದಿನ, ನವೆಂಬರ್ 1, ಬವೇರಿಯಾದಲ್ಲಿ ರಜೆ, ಸ್ಯಾಕ್ಸನಿಯಲ್ಲಿ ಇಲ್ಲ. ಒಂದು ಪ್ರೊಟೆಸ್ಟೆಂಟರ ಹಬ್ಬ, ಇನ್ನೊಂದು ಕ್ಯಾಥೊಲಿಕರದ್ದು. ಡ್ರೆಸ್ಡನ್‌ನಿಂದ ಮ್ಯೂನಿಕ್‌ಗೆ ಹೊರಟವನಿಗೆ ಎರಡೂ ದಿನ ಹಬ್ಬವೇ! ಸಿಕ್ಕಿಬಿದ್ದರೆ ಡ್ರೈವರ್‌ಗೆ 120 ಯೂರೋ ದಂಡ, ಗಾಡಿ ಮಾಲೀಕನಿಗೆ 570.

ಆದರೂ ಭಾನುವಾರಕ್ಕೆ ಹೆದರಬೇಡಿ ಅಂತ ನಿಮ್ಮ ತಮ್ಮನಿಗೆ ಹೇಳಿ. ಅದು ಕ್ಯಾಲೆಂಡರಿನಲ್ಲಿ ಇರುತ್ತದೆ, ಮೊದಲೇ ಗೊತ್ತಿರುತ್ತದೆ. ಹೆದರಬೇಕಾದದ್ದು ಶನಿವಾರ ಮಧ್ಯಾಹ್ನಕ್ಕೆ. ಯಾಕೆ ಅನ್ನುವುದಕ್ಕೆ ಮೊದಲು ಟ್ಯಾಕೋಗ್ರಾಫ್, ಅಂದರೆ ನಾವು ಓಡಿಸಿದ್ದು, ನಿಂತದ್ದು ಎಲ್ಲ ದಾಖಲಿಸುವ ಯಂತ್ರದ ವಿಷಯ ಹೇಳಬೇಕು.

ಡ್ಯಾಶ್‌ಬೋರ್ಡಿನ ಮೇಲ್ಗಡೆ, ಕಾರ್ ಸ್ಟೀರಿಯೋ ಅಳತೆಯ ಒಂದು ಡಬ್ಬ ಇರುತ್ತದೆ. ಅದರಲ್ಲಿ ನಮ್ಮ ಹೆಸರಿನ ಕಾರ್ಡ್ ಹಾಕಬೇಕು. ಚಕ್ರ ಉರುಳಿದರೆ ಪರದೆಯ ಮೇಲೆ ಸ್ಟೀರಿಂಗ್ ಚಿತ್ರ ಬರುತ್ತದೆ. ನಿಂತರೆ ಎರಡು ಸುತ್ತಿಗೆಯ ಚಿತ್ರ, ಅಂದರೆ 'ಬೇರೆ ಕೆಲಸ'. ನಾವೇ ಬಟನ್ ಒತ್ತಿದರೆ ಮಾತ್ರ ಮಂಚದ ಚಿತ್ರ, ಅಂದರೆ ವಿಶ್ರಾಂತಿ. ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು. ದಿನಕ್ಕೆ 9 ಗಂಟೆ ಸ್ಟೀರಿಂಗ್, ವಾರದಲ್ಲಿ ಎರಡು ದಿನ ಮಾತ್ರ 10. ವಾರಕ್ಕೆ 56 ಮೀರಬಾರದು, ಎರಡು ವಾರ ಸೇರಿ 90 ಮೀರಬಾರದು. ದಿನದ ಕೆಲಸ ಮುಗಿದ ಮೇಲೆ 11 ಗಂಟೆಗಳ ಕಾಲ ವಿಶ್ರಾಂತಿ, ವಾರದಲ್ಲಿ ಮೂರು ಸಲ ಅದನ್ನು 9ಕ್ಕೆ ಇಳಿಸಬಹುದು. ಊರಲ್ಲಿ ಟೀ ಕುಡಿದು, ಮುಖಕ್ಕೆ ನೀರು ಹಾಕಿಕೊಂಡು, ಕ್ಲೀನರ್ ಜೊತೆ ಮಾತಾಡುತ್ತಾ ರಾತ್ರಿಯಿಡೀ ಹೊಡೆದ ನನಗೆ ಮೊದಲ ತಿಂಗಳು ಇದು ತಲೆಗೇ ಹತ್ತಲಿಲ್ಲ. ಚೆಕಿಂಗ್‌ನವರು ಕಾರ್ಡ್ ಹಾಕಿ ಹಿಂದಿನ 56 ದಿನದ ಲೆಕ್ಕ ತೆಗೆಯುತ್ತಾರೆ. ಕೈಬಿಸಿ ಮಾಡಿ ಮುಂದೆ ಹೋಗುವ ಪದ್ಧತಿ ನಾನು ಓಡಿಸುವ ಕಡೆ ಕಂಡಿಲ್ಲ.

ಈಗ ಎರಡು ಗಡಿಯಾರ ಆಯಿತು ನೋಡಿ. ಒಂದು ರಸ್ತೆಯದ್ದು, ಒಂದು ನಮ್ಮದು. ಇವೆರಡಕ್ಕೂ ಹೊಂದಾಣಿಕೆ ಇಲ್ಲ. ಟ್ರಾಫಿಕ್ ಜಾಮ್ ಆದರೆ ಎರಡೂ ಕಾಯುವುದಿಲ್ಲ.

ಕಳೆದ ವರ್ಷ ಅಕ್ಟೋಬರಿನಲ್ಲಿ ಆದದ್ದು ಹೇಳುತ್ತೇನೆ. ಇಟಲಿಯ ಪಾರ್ಮಾ ಹತ್ತಿರ ಟೊಮೆಟೊ ಡಬ್ಬಿ ಲೋಡ್. ಶುಕ್ರವಾರ ಮಧ್ಯಾಹ್ನ 2ಕ್ಕೆ ಕೊಡಬೇಕಾದ ಲೋಡ್ ಗೋಡೌನಿನವರು ರಾತ್ರಿ ಎಂಟೂವರೆಗೆ ಕೊಟ್ಟರು. ನನ್ನ ದಿನ ಮುಗಿದಿತ್ತು, ಅಲ್ಲೇ ಗೇಟಿನ ಹೊರಗೆ ಮಲಗಿದೆ. ಶನಿವಾರ ಬೆಳಗ್ಗೆ 6ಕ್ಕೆ ಹೊರಟೆ. ಲೆಕ್ಕ ಸರಿಯಾಗಿಯೇ ಇತ್ತು. ಮಧ್ಯದ 45 ನಿಮಿಷ ಸೇರಿಸಿದರೂ 12ರ ಒಳಗೆ ಇಟಲಿ-ಆಸ್ಟ್ರಿಯಾ ಗಡಿಯ ಬ್ರೆನ್ನರ್ ಘಾಟ್, ಆಮೇಲೆ 110 ಕಿಲೋಮೀಟರ್ ಆಸ್ಟ್ರಿಯಾ ದಾಟಿದರೆ ಕುಫ್‌ಸ್ಟೈನ್, ಅದರಾಚೆ ಜರ್ಮನಿ. 3 ಗಂಟೆಯ ಒಳಗೆ ಆರಾಮಾಗಿ ಆಗುತ್ತಿತ್ತು. ಆದರೆ ಇಟಲಿಯೊಳಗೇ ಬೊಲ್ಜಾನೊ ಹತ್ತಿರ ಒಂದು ಕಾರು ತಡೆಗೋಡೆಗೆ ಗುದ್ದಿ ಅಡ್ಡ ನಿಂತಿತ್ತು. ಎರಡು ಗಂಟೆ ಹೋಯಿತು.

ಗಡಿಗೆ ಮೊದಲು ವಿಪಿಟೇನೊ ಅಂತ ಊರು. ಅಲ್ಲಿ ಸಾಡೋಬ್ರೆ ಎಂಬ ದೊಡ್ಡ ಲಾರಿ ಸ್ಟ್ಯಾಂಡ್ ಇದೆ. ಅಲ್ಲಿಗೆ ಬಂದಾಗ ಒಂದು ಮುಕ್ಕಾಲು. ಮುಂದೆ ಲ್ಯೂಗ್ ಸೇತುವೆ. ಬ್ರೆನ್ನರ್ ರಸ್ತೆಯ ಅತಿ ಉದ್ದದ ಸೇತುವೆ ಅದು, ಸುಮಾರು 1.8 ಕಿಲೋಮೀಟರ್, ಹಳೆಯದಾಗಿ ಸೋತಿದೆ. ಅದಕ್ಕೇ 2025ರ ಜನವರಿ 1ರಿಂದ ಹೆಚ್ಚಿನ ದಿನ ಅತ್ತ ಒಂದು ಲೇನ್, ಇತ್ತ ಒಂದು ಲೇನ್ ಅಷ್ಟೇ. ಪಕ್ಕದಲ್ಲೇ ಹೊಸದು ಕಟ್ಟುತ್ತಿದ್ದಾರೆ. ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಲಾರಿ ಹೋಗುವ ದಾರಿ ಇದು. ಒಂದೇ ಲೇನ್ ಅಂದರೆ ಹೇಗಿರಬಹುದು ನೀವೇ ಲೆಕ್ಕ ಹಾಕಿ. ಒಂದೂಕಾಲು ಗಂಟೆಯಲ್ಲಿ ಜರ್ಮನಿ ಮುಟ್ಟುವ ಮಾತೇ ಇಲ್ಲ. ಫೋನಿನಲ್ಲಿ ನಮ್ಮ ಡಿಸ್ಪ್ಯಾಚರ್, ಅಂದರೆ ಕಂಪನಿಯಲ್ಲಿ ಕೂತು ಗಾಡಿಗಳನ್ನು ಕಳಿಸುವವನು, "ಟ್ರೈ ಮಾಡು" ಅಂದ. ದಂಡದ ಚೀಟಿಗೆ ಸಹಿ ಹಾಕುವವನು ನಾನು ತಾನೇ! ಗಾಡಿ ಸೈಡಿಗೆ ಹಾಕಿದೆ.

ಭಾನುವಾರ ರಾತ್ರಿ 10ಕ್ಕೆ ಆಸ್ಟ್ರಿಯಾ ಬಾಗಿಲು ತೆಗೆಯುತ್ತದೆ, ಹೊರಡಬಹುದು ಅಂದುಕೊಂಡಿರಾ? ಇಲ್ಲ. ನಾನು ದಾಟಬೇಕಾದ, ಆಸ್ಟ್ರಿಯಾದ ಟಿರೋಲ್ ರಾಜ್ಯದ ಇನ್ ನದಿ ಕಣಿವೆಯಲ್ಲಿ ರಾತ್ರಿ ನಿಷೇಧ ಬೇರೆ ಇದೆ. ಭಾನುವಾರ ಅದು 11ಕ್ಕೆ ಶುರುವಾಗಿ ಬೆಳಗ್ಗೆ 5ರವರೆಗೆ. ಅಲ್ಲಿಯದೇ ಸಾಮಾನು ತುಂಬುವ, ಇಳಿಸುವ ಹೊಸ ಎಂಜಿನ್ ಗಾಡಿಗೆ ವಿನಾಯಿತಿ ಉಂಟು, ನನ್ನಂತೆ ಸುಮ್ನೆ ದಾಟಿ ಹೋಗುವವನಿಗೆ ಇಲ್ಲ. 10ರಿಂದ 11, ಆ ಒಂದು ಗಂಟೆಯಲ್ಲಿ ಏನು ಮಾಡಲು ಸಾಧ್ಯ? ಹೀಗೆ ಶನಿವಾರ ಒಂದು ಮುಕ್ಕಾಲಿಗೆ ನಿಂತವನು ಸೋಮವಾರ ಬೆಳಗಿನ ಜಾವ ನಾಲ್ಕೂವರೆಗೆ ಎಂಜಿನ್ ಹಾಕಿದೆ. ಹತ್ತಿರ ಹತ್ತಿರ 39 ಗಂಟೆ. ವಾರದ ಪೂರ್ತಿ ವಿಶ್ರಾಂತಿ ಅಂದರೆ 45 ಗಂಟೆ. ಅದಕ್ಕೆ ಇನ್ನೂ ಆರು ಗಂಟೆ ಕಮ್ಮಿ. ಹಾಗಾಗಿ ಲೆಕ್ಕಕ್ಕೆ ಅದು ಕಡಿಮೆ ಮಾಡಿದ ವಿಶ್ರಾಂತಿ ಆಯಿತು, ಕೊರತೆ ಬಿದ್ದ ಗಂಟೆಗಳನ್ನು ಮುಂದೆ ತುಂಬಿಕೊಡಬೇಕು. ಇಷ್ಟು ನಿಂತರೂ ಸಾಲ ಉಳಿಯಿತು ನೋಡಿ.

ಎರಡು ದಿನ ಹೇಗೆ ಕಳೆದೆ ಅಂದರೆ, ಅನ್ನ ಸಾರು ಮಾಡಿದೆ, ಬಟ್ಟೆ ಒಗೆದು ಸ್ಟೀರಿಂಗಿಗೆ ನೇತು ಹಾಕಿದೆ, ಮನೆಗೆ ಮೂರು ಸಲ ವಿಡಿಯೋ ಕಾಲ್ ಮಾಡಿದೆ. ಮಗಳು "ಅಪ್ಪಾ, ಹಿಂದೆ ಕಾಣ್ತಿರೋದು ಐಸಾ?" ಅಂದಳು. ಬೆಟ್ಟದ ನೆತ್ತಿಯಲ್ಲಿ ಹೊಸ ಹಿಮ ಬಿದ್ದಿತ್ತು. ನಾನು ಅವಳು ಹೇಳಿದ ಮೇಲೆಯೇ ತಿರುಗಿ ನೋಡಿದ್ದು. ಸೋಮವಾರ ಬೆಳಗಿನ ಕತ್ತಲಲ್ಲಿ ನೂರಾರು ಎಂಜಿನ್ ಹೆಚ್ಚು ಕಮ್ಮಿ ಒಟ್ಟಿಗೇ ಶುರುವಾದವು. ಕ್ಯಾಬಿನ್ನಿನ ಕಪ್ಪು, ತಟ್ಟೆ ಎಲ್ಲ ಸಣ್ಣಗೆ ನಡುಗುತ್ತಿದ್ದವು.

ಟಿರೋಲ್‌ನವರ ಮೇಲೆ ಸಿಟ್ಟು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಣಿವೆ ಕಿರಿದು, ಎರಡೂ ಕಡೆ ಗೋಡೆಯಂಥ ಬೆಟ್ಟ, ಹೊಗೆ ಸದ್ದು ಎಲ್ಲ ಅಲ್ಲೇ ಉಳಿಯುತ್ತದೆ. ಹೆದ್ದಾರಿ ಪಕ್ಕದಲ್ಲೇ ಮನೆಗಳು. ಸಕಲೇಶಪುರದ ಪೇಟೆಬೀದಿಯಲ್ಲೇ ಲಾರಿಗಳು ನುಗ್ಗುತ್ತಿದ್ದ ಕಾಲ ನೋಡಿದವರಿಗೆ ಅವರ ಕಷ್ಟವೂ ಅರ್ಥವಾಗುತ್ತದೆ. ಜರ್ಮನಿ ಕಡೆಯಿಂದ ಬರುವ ಲಾರಿಗಳಿಗೆ ಇನ್ನೊಂದು ಕಟ್ಟು ಇದೆ. ಬ್ಲಾಕ್‌ಆಬ್‌ಫೆರ್ಟಿಗುಂಗ್ ಎಂಬ ನಾಲಿಗೆ ತಿರುಗದ ಹೆಸರು. ದಟ್ಟಣೆಯ ದಿನಗಳಲ್ಲಿ ಬೆಳಗ್ಗೆ 5ರಿಂದ ಕುಫ್‌ಸ್ಟೈನ್ ಹತ್ತಿರ ಗಂಟೆಗೆ ಸುಮಾರು 300 ಲಾರಿಯಂತೆ ಎಣಿಸಿ ಬಿಡುತ್ತಾರೆ. ಉಳಿದವು ಬವೇರಿಯಾದ ಒಳಗೆ ಕಿಲೋಮೀಟರುಗಟ್ಟಲೆ ಸಾಲು. ಆ ಸಾಲಿನಲ್ಲಿ ಒಂದೊಂದು ಗಾಡಿಯಷ್ಟು ಮುಂದೆ ಜರುಗುವಾಗಲೂ ಸ್ಟೀರಿಂಗ್ ಚಿತ್ರ ಬರುತ್ತದೆ, ನಿಮ್ಮ 9 ಗಂಟೆ ಕರಗುತ್ತದೆ. ಯಾವ ಯಾವ ದಿನ ಅನ್ನುವ ಪಟ್ಟಿ ಆರಾರು ತಿಂಗಳಿಗೆ ಮೊದಲೇ ಬರುತ್ತದೆ. ನನ್ನ ಕ್ಯಾಬಿನ್ನಿನಲ್ಲಿ ಅದನ್ನು ಪಂಚಾಂಗದಂತೆ ಅಂಟಿಸಿದ್ದೇನೆ. ಇಟಲಿ ಈ ನಿಷೇಧಗಳ ವಿರುದ್ಧ 2024ರಲ್ಲಿ ಯೂರೋಪಿನ ನ್ಯಾಯಾಲಯಕ್ಕೆ ಹೋಗಿದೆ. ಬೆಟ್ಟದ ಕೆಳಗೆ 55 ಕಿಲೋಮೀಟರಿನ ರೈಲು ಸುರಂಗವೂ ಆಗುತ್ತಿದೆ, 2032ಕ್ಕೆ ಅನ್ನುತ್ತಾರೆ. ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಕಳಿಸುವ ವ್ಯವಸ್ಥೆ ಈಗಲೂ ಇದೆ, ನಮ್ಮ ಸುರತ್ಕಲ್‌ನಲ್ಲಿ ಕೊಂಕಣ ರೈಲ್ವೆಯವರು ಹತ್ತಿಸುತ್ತಾರಲ್ಲ, ಹಾಗೆ.

ಇವೆಲ್ಲ ಗೊತ್ತಿದ್ದು ಬರುವ ಅಡ್ಡಿಗಳು. ಗೊತ್ತಿಲ್ಲದೆ ಬರುವುದೂ ಇದೆ. 2023ರ ನವೆಂಬರಿನಲ್ಲಿ ಪೋಲೆಂಡಿನ ಲಾರಿಯವರೇ ಉಕ್ರೇನ್ ಗಡಿ ಅಡ್ಡಗಟ್ಟಿದರು, ಚಳಿಯಲ್ಲಿ ಸಾವಿರಾರು ಗಾಡಿ ನಿಂತವು. 2024ರ ಜನವರಿಯಲ್ಲಿ ಫ್ರಾನ್ಸಿನ ರೈತರು ಪ್ಯಾರಿಸ್ ಸುತ್ತ ಹೆದ್ದಾರಿಗಳಿಗೆ ಟ್ರಾಕ್ಟರ್ ಅಡ್ಡ ಹಾಕಿದರು. 2025ರ ಅಕ್ಟೋಬರ್ ಕೊನೆಗೆ ಲಿಥುವೇನಿಯಾ ದೇಶ ಬೆಲಾರುಸ್ ಗಡಿ ಮುಚ್ಚಿತು. ಕಾರಣ ಏನು ಗೊತ್ತಾ? ಕಳ್ಳ ಸಿಗರೇಟ್ ಹೊತ್ತ ಬಲೂನುಗಳು ಆಚೆಯಿಂದ ಹಾರಿ ಬಂದು ವಿಮಾನ ನಿಲ್ದಾಣ ಮುಚ್ಚಬೇಕಾಗಿ ಬರುತ್ತಿತ್ತು. ಬಲೂನು ಹಾರಿಸಿದವರು ಯಾರೋ, ಆಚೆ ಕಡೆ ಸಿಕ್ಕಿಕೊಂಡವರು ಲಾರಿಯವರು.

ನಾನು ಬರುವ ಮೊದಲಿನದು ಒಂದಿದೆ, ಇಲ್ಲಿನ ಹಳಬರು ಈಗಲೂ ಹೇಳುತ್ತಾರೆ. 2020ರ ಡಿಸೆಂಬರಿನಲ್ಲಿ ಕೋವಿಡ್‌ನ ಹೊಸ ತಳಿ ಬಂತು ಅಂತ ಫ್ರಾನ್ಸ್ ಎರಡು ದಿನ ಬ್ರಿಟನ್ ಕಡೆಯ ದಾರಿ ಮುಚ್ಚಿತು. ಕ್ರಿಸ್‌ಮಸ್ ಸಮಯ. ಡೋವರ್ ಬಂದರಿನ ಹಿಂದೆ ಸಾವಿರಾರು ಲಾರಿ, ಹಳೆಯ ವಿಮಾನ ನಿಲ್ದಾಣದ ರನ್‌ವೇ ತುಂಬಾ ಲಾರಿ. ಊಟ ಇಲ್ಲ, ಶೌಚಾಲಯ ಇಲ್ಲ. ಆಗ ಗ್ರೇವ್ಸೆಂಡ್ ಗುರುದ್ವಾರದಲ್ಲಿ ಅಡುಗೆ ಮಾಡಿ ಸಿಖ್ಖರು ಡ್ರೈವರ್‌ಗಳಿಗೆ ಬಿಸಿ ಊಟ ಹಂಚಿದರು.

ಹೀಗೆ ಸಿಕ್ಕಿಕೊಂಡು ಟ್ಯಾಕೋ ಟೈಮ್ ಮೀರಿದರೆ ಒಂದು ದಾರಿ ಇದೆ. ಸುರಕ್ಷಿತ ಜಾಗ ಸಿಗುವವರೆಗೆ ಓಡಿಸಬಹುದು. ನಿಂತ ಕೂಡಲೇ ಟ್ಯಾಕೋದಿಂದ ಪ್ರಿಂಟ್ ತೆಗೆದು, ಹಿಂಬದಿಯಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ, ಯಾಕೆ ಅಂತ ಪೆನ್ನಿನಲ್ಲಿ ಬರೆದು ಸಹಿ ಹಾಕಬೇಕು. ಮರೆಯಬಾರದು. ನಾಳೆ ಬರೆದರಾಯಿತು ಅಂದವನು ಕೆಟ್ಟ.

ಆದರೆ ಆ ಸುರಕ್ಷಿತ ಜಾಗವೇ ದೊಡ್ಡ ತಲೆನೋವು. ಯೂರೋಪಿನಲ್ಲಿ ಸುಮಾರು ಒಂದು ಲಕ್ಷ ಲಾರಿ ಪಾರ್ಕಿಂಗ್ ಜಾಗ ಕಮ್ಮಿ ಇದೆ ಅಂತ ಯೂರೋಪಿಯನ್ ಕಮಿಷನ್ನೇ ಮಾಡಿಸಿದ ಲೆಕ್ಕ ಹೇಳುತ್ತದೆ. ಜರ್ಮನಿಯ ಹೆದ್ದಾರಿಯಲ್ಲಿ ಸಂಜೆ 6ರ ಮೇಲೆ ಜಾಗ ಸಿಕ್ಕರೆ ಪುಣ್ಯ. ನಾನು 9 ಗಂಟೆ ಪೂರ್ತಿ ಓಡಿಸುವ ಆಸೆ ಬಿಟ್ಟಿದ್ದೇನೆ, ಸಂಜೆ ನಾಲ್ಕೂವರೆಗೆಲ್ಲ ನಿಲ್ಲಿಸಿಬಿಡುತ್ತೇನೆ.

ದುಡಿಮೆ ಹೇಗೆ ಅಂದಿರಲ್ಲ, ಅದಕ್ಕೆ ಬರುತ್ತೇನೆ. ನಿಮ್ಮ ತಮ್ಮ ಕಾಗದಕ್ಕೆ ಸಹಿ ಹಾಕುವ ಮೊದಲು ಎರಡು ಮಾತು ಬರಹದಲ್ಲಿ ತೆಗೆದುಕೊಳ್ಳಲಿ. ಗಾಡಿ ನಿಂತ ದಿನಕ್ಕೂ ಸಂಬಳ ಇದೆಯಾ? 45 ಗಂಟೆಯ ವಿಶ್ರಾಂತಿಗೆ ರೂಮು ಕೊಡುತ್ತಾರಾ? ಅದನ್ನು ಕ್ಯಾಬಿನ್ನಿನಲ್ಲಿ ಕಳೆಯುವಂತಿಲ್ಲ, ಖರ್ಚು ಕಂಪನಿಯದ್ದು ಅಂತ ಕಾನೂನೇ ಇದೆ. ಏಜೆಂಟ್ ಬಾಯಿಮಾತು ಬೇಡ. 2023ರಲ್ಲಿ ಡಾರ್ಮ್‌ಸ್ಟಾಟ್ ಹತ್ತಿರದ ಗ್ರೇಫೆನ್‌ಹೌಸನ್ ತಂಗುದಾಣದಲ್ಲಿ ಜಾರ್ಜಿಯಾ, ಉಜ್ಬೆಕಿಸ್ತಾನದ ಸುಮಾರು 60 ಡ್ರೈವರ್‌ಗಳು ಬಾಕಿ ಸಂಬಳಕ್ಕಾಗಿ ವಾರಗಟ್ಟಲೆ ಗಾಡಿ ನಿಲ್ಲಿಸಿ ಕೂತರು, ಕೊನೆಗೆ ಪಡೆದರು. ಎಲ್ಲರಿಗೂ ಹಾಗೆ 60 ಜನ ಜೊತೆಗೆ ಸಿಗುವುದಿಲ್ಲ.

ಇನ್ನು ಸಾಮಾನು ಏನು ತರಬೇಕು ಅಂತಲೂ ಕೇಳಿದ್ದಿರಿ. ಚಳಿ ಬಟ್ಟೆ ಇಲ್ಲೇ ಕೊಳ್ಳಲಿ, ಊರಿನ ಸ್ವೆಟರ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಕುಕ್ಕರ್ ಮಾತ್ರ ತರಲಿ. ಮೂರು ಲೀಟರಿನದು ಸಾಕು, ಜೊತೆಗೆ ಎರಡು ಗ್ಯಾಸ್ಕೆಟ್ ಜಾಸ್ತಿ ಇಟ್ಟುಕೊಳ್ಳಲಿ.