ಅಕ್ಕ, ಆ ಟೊಮೆಟೊ ಪಾತಿಗೆ ಮೆಣಸು ಬೇಡ

ಅಕ್ಕ, ನಿಮ್ಮ ಪ್ರಶ್ನೆಯ ಜೊತೆ ಹಾಕಿದ ತರಕಾರಿ ಪಾತಿಗಳ ನಕ್ಷೆ ನೋಡಿದೆ. ಮನೆ ಹಿಂದಿನ ಇಳಿಜಾರಲ್ಲಿ ನಾಲ್ಕು ಪಾತಿ. ಹೋದ ವರ್ಷ ಎರಡನೇ ಪಾತಿಯಲ್ಲಿ ಟೊಮೆಟೊ ಇತ್ತು, ಅರ್ಧ ಗಿಡ ಬಾಡಿ ಹೋದವು. ಈ ಸಲ ಅಲ್ಲಿ ಹಸಿಮೆಣಸು, ಅದರ ಕೆಳಗಿನ ಮೂರನೇ ಪಾತಿಗೆ ಟೊಮೆಟೊ, ಮೇಲಿನದಕ್ಕೆ ಬದನೆ, ಕೊನೆಯದಕ್ಕೆ ಬೀನ್ಸ್. "ಬೆಳೆ ಬದಲಾಯಿಸಿದ್ದೇನೆ, ಸರಿ ಇದೆ ಅಲ್ವಾ?" ಎಂದು ಕೇಳಿದ್ದೀರಿ. ಸರಿ ಇಲ್ಲ. ಎಂಟು ವರ್ಷದ ಹಿಂದೆ ನಾನು ಬರೆದ ನಕ್ಷೆಯೂ ಹೆಚ್ಚುಕಡಿಮೆ ಇದೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಟೊಮೆಟೊ, ಬದನೆ, ಹಸಿಮೆಣಸು, ದಪ್ಪ ಮೆಣಸು, ಆಲೂಗಡ್ಡೆ ಎಲ್ಲವೂ ಒಂದೇ ಮನೆಯವು, ಅಂದರೆ ಒಂದೇ ಸಸ್ಯ ಕುಟುಂಬದವು. ಟೊಮೆಟೊ ತೆಗೆದು ಮೆಣಸು ಇಟ್ಟರೆ ಕಾಯಿ ಬದಲಾಯಿತೇ ಹೊರತು ಬೆಳೆ ಬದಲಾಗಲಿಲ್ಲ. ಮಣ್ಣಿನಲ್ಲಿರುವ ರೋಗಕ್ಕೆ ಅದೇ ಊಟ.

ಮೊದಲು ಒಂದು ಕೆಲಸ ಮಾಡಿ. ಹೋದ ವರ್ಷದ್ದು ಯಾವ ರೋಗ ಎಂದು ಈಗ ಹೇಳುವುದು ಕಷ್ಟ. ಆದರೆ ನಿಮ್ಮ ಹಿತ್ತಲಲ್ಲಿ ಈಗಲೂ ಒಂದು ಬದನೆ ಗಿಡ ಬಾಡುತ್ತಿದೆ ಎಂದು ಬರೆದಿದ್ದೀರಲ್ಲ, ಅದನ್ನು ಬುಡದ ಹತ್ತಿರ ಕೊಯ್ಯಿರಿ. ಎರಡು ಮೂರು ಇಂಚಿನ ತುಂಡು ಸಾಕು. ಗಾಜಿನ ಲೋಟದಲ್ಲಿ ತಿಳಿ ನೀರು ತುಂಬಿ, ಕೊಯ್ದ ತುದಿ ಮಾತ್ರ ನೀರಿಗೆ ತಾಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಐದು ಹತ್ತು ನಿಮಿಷದಲ್ಲಿ ಹಾಲಿನ ಎಳೆಯ ಹಾಗೆ ಬಿಳಿ ದಾರ ಕೆಳಗೆ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಇಳಿಯದಿದ್ದರೆ ಬೇರೆ ಏನೋ, ಬೇರುಗಂಟು ಹುಳವೂ ಇರಬಹುದು. ಗಿಡ ಕಿತ್ತು ಬೇರು ನೋಡಿ. ಗಂಟು ಗಂಟಾಗಿದ್ದರೆ ಅದೇ.

ನನಗೆ ಈ ಲೋಟದ ವಿಷಯ ಮೊದಲೇ ಗೊತ್ತಿದ್ದಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ನಮ್ಮದು ಕೊಡಗಿನ ಸುಂಟಿಕೊಪ್ಪ ಕಡೆ. ಆ ವರ್ಷ ನಲವತ್ತು ಟೊಮೆಟೊ ಸಸಿ ಇಟ್ಟಿದ್ದೆ. ಮಾರ್ಚ್ ಕೊನೆಗೆ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ ಬಿತ್ತು. ತೋಟದವರೆಲ್ಲ ಖುಷಿ, ನಾನೂ ಖುಷಿ. ನಾಲ್ಕನೇ ದಿನ ಮಧ್ಯಾಹ್ನ ಎರಡು ಗಿಡ ಬಾಡಿದವು. ಎಲೆ ಹಳದಿ ಆಗಿರಲಿಲ್ಲ, ಹಸಿರಾಗಿಯೇ ಜೋತು ಬಿದ್ದಿತ್ತು. ಸಂಜೆಗೆ ಚೇತರಿಸಿಕೊಂಡವು. ನೀರು ಸಾಲದು ಎಂದುಕೊಂಡು ಇನ್ನೂ ಎರಡು ಕೊಡ ಸುರಿದೆ. ಅದೇ ದೊಡ್ಡ ತಪ್ಪು. ನೀರು ಹರಿದಲ್ಲೆಲ್ಲ ರೋಗ ಹರಿಯಿತು. ಆಮೇಲೆ, ಮನೆಯಲ್ಲಿ ಕಾಳುಮೆಣಸಿಗೆ ಮಾಡಿದ ಬೋರ್ಡೋ (ಮೈಲುತುತ್ತು, ಸುಣ್ಣ ಕಲಸಿದ ದ್ರಾವಣ) ಇತ್ತಲ್ಲ, ಅದನ್ನು ಹೊಡೆದೆ. ಏನೂ ಆಗಲಿಲ್ಲ. ಈ ಪ್ರಶ್ನೆಯ ಕೆಳಗೂ ಇಬ್ಬರು ಬೋರ್ಡೋ ಹೊಡೆಯಿರಿ ಎಂದು ಬರೆದಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಬೋರ್ಡೋ ಎಲೆಯ ಮೇಲಿನ ಶಿಲೀಂಧ್ರಕ್ಕೆ ಒಳ್ಳೆಯದು. ಕಾಂಡದ ಒಳಗೆ ನೀರಿನ ದಾರಿ ಮುಚ್ಚಿ ಕೂತ ದುಂಡಾಣುವಿಗೆ ಅದು ತಾಗುವುದೇ ಇಲ್ಲ. ಇಪ್ಪತ್ತು ದಿನದಲ್ಲಿ ಮೂವತ್ತೊಂದು ಗಿಡ ಹೋದವು.

ಸರಿ, ಬೆಳೆ ಬದಲಾವಣೆ ಮಾಡೋಣ ಎಂದು ಎರಡು ವರ್ಷ ಆ ಪಾತಿಯಲ್ಲಿ ಬೀನ್ಸ್, ಕೋಸು, ಸೌತೆ ಹಾಕಿದೆ. ಮೂರನೇ ವರ್ಷ ಧೈರ್ಯ ಮಾಡಿ ಟೊಮೆಟೊ ಇಟ್ಟೆ. ಮತ್ತೆ ಅದೇ ಕಥೆ. ಅಷ್ಟು ಕಾದಿದ್ದಕ್ಕೆ ಅಳು ಬಂದಿತ್ತು.

ಯಾಕೆ ಎಂದು ಗೊತ್ತಾಗಿದ್ದು ಆಮೇಲೆ. ಪಾತಿಯ ಅಂಚಿನಲ್ಲಿ ಕಾಕೆ ಸೊಪ್ಪು ತಾನಾಗಿ ಹುಟ್ಟಿತ್ತು. ಗಣಿಕೆ ಅಂತಾರಲ್ಲ, ಅದೇ. ಪಲ್ಯಕ್ಕೆ ಆಗುತ್ತದೆ ಎಂದು ನಮ್ಮಲ್ಲಿ ಯಾರೂ ಕೀಳುವುದಿಲ್ಲ. ಅದೂ ಬದನೆ ಮನೆಯದೇ! ಎರಡು ವರ್ಷ ನಾನು ಟೊಮೆಟೊ ಇಡದಿದ್ದರೂ ಅದು ರೋಗಕ್ಕೆ ಅನ್ನ ಹಾಕುತ್ತಾ ಕೂತಿತ್ತು. ಗಿಡ ಬಾಡಬೇಕು ಅಂತಿಲ್ಲ, ನೋಡಲು ಚೆನ್ನಾಗಿದ್ದೂ ಬೇರಿನಲ್ಲಿ ರೋಗ ಇಟ್ಟುಕೊಂಡಿರುತ್ತದೆ. ಇನ್ನೊಂದು ಕಾರಣ, ಪಾತಿಯ ಮೇಲಿನ ದಿಬ್ಬದಲ್ಲಿ ಶುಂಠಿ ಇತ್ತು. ಶುಂಠಿ ಸೊರಗುವುದೂ ಇದೇ ಜಾತಿಯ ದುಂಡಾಣುವಿನಿಂದ. ಅಲ್ಲಿನ ಮಳೆ ನೀರು ನೇರ ನನ್ನ ಪಾತಿಗೆ ಇಳಿಯುತ್ತಿತ್ತು. ಹಾಗಾಗಿ ಪುಸ್ತಕದಲ್ಲಿ ಬರೆದ ಹಾಗೆ ಬೆಳೆ ತಿರುಗಿಸಿದರೆ ನಮ್ಮ ಊರಲ್ಲಿ ಸಾಲದು. ಕಳೆಯನ್ನೂ ಲೆಕ್ಕ ಹಿಡಿಯಬೇಕು, ನೀರು ಇಳಿಯುವ ದಾರಿಯನ್ನೂ ಲೆಕ್ಕ ಹಿಡಿಯಬೇಕು.

ಕಾಕೆ ಸೊಪ್ಪು ಬೇಕೇ ಬೇಕು ಅಂದರೆ ಹಿತ್ತಲ ಕೆಳತುದಿಯಲ್ಲಿ ಒಂದು ಜಾಗ ಕೊಡಿ. ಗಾಂಧಾರಿ ಮೆಣಸೂ ಅಲ್ಲೇ ಇರಲಿ. ಅದು ವರ್ಷಗಟ್ಟಲೆ ನಿಲ್ಲುವ ಗಿಡ, ಪಾತಿಯ ಮಧ್ಯೆ ಇದ್ದರೆ ನಿಮ್ಮ ಲೆಕ್ಕವೆಲ್ಲ ಕೆಡುತ್ತದೆ.

ಈಗ ನಾನು ಮಾಡುವುದು ಹೀಗೆ. ಟೊಮೆಟೊ ಮನೆಯವು ವರ್ಷದಿಂದ ವರ್ಷಕ್ಕೆ ಮೇಲಿನ ಪಾತಿಗೆ ಹತ್ತಬೇಕು, ಕೆಳಗೆ ಇಳಿಯಬಾರದು. ಈ ವರ್ಷ ನಾಲ್ಕನೇ ಪಾತಿ, ಮುಂದಿನ ವರ್ಷ ಮೂರನೆಯದು, ಆಮೇಲೆ ಎರಡು, ಆಮೇಲೆ ಒಂದು. ಮಳೆಗೆ ಮಣ್ಣು ಕೊಚ್ಚಿ ಬರುವುದು ಕೆಳಕ್ಕೆ ತಾನೇ? ಬಿಟ್ಟು ಬಂದ ಪಾತಿಯ ರೋಗ ಹೊಸ ಪಾತಿಗೆ ಹತ್ತಿ ಬರುವುದಿಲ್ಲ. ನೀವು ಮಾಡಿರುವುದು ಇದರ ಉಲ್ಟಾ, ಬಾಡಿದ ಪಾತಿಯ ನೇರ ಕೆಳಗೆ ಟೊಮೆಟೊ. ಮೇಲೆ ಮುಗಿದು ಮತ್ತೆ ಕೆಳಗಿನಿಂದ ಶುರು ಮಾಡುವಾಗ ನಾಲ್ಕು ವರ್ಷ ಆಗಿರುತ್ತದೆ. ಪ್ರತಿ ಪಾತಿಯ ತಲೆಗೆ ಅಡ್ಡ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ಬಿಡಬೇಕು. ಇದಿಲ್ಲದೆ ಈ ಉಪಾಯ ನಡೆಯುವುದಿಲ್ಲ. ನಿಮ್ಮದು ನಾಪೋಕ್ಲು ಕಡೆ, ಮಳೆ ನಮಗಿಂತ ಜಾಸ್ತಿ. ಚರಂಡಿ ಆಳವಾಗಿರಲಿ, ಪಾತಿ ಒಂದು ಅಡಿ ಎತ್ತರ ಇರಲಿ. ಕುಶಾಲನಗರ ಕಡೆಯವರಿಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ.

ಆದರೆ ನಿಮ್ಮಲ್ಲಿ ಈಗಾಗಲೇ ಎರಡನೇ ಪಾತಿಗೆ ರೋಗ ಬಂದಿದ್ದರೆ ಮೂರು, ನಾಲ್ಕಕ್ಕೂ ಇಳಿದಿದೆ ಎಂದೇ ತಿಳಿಯಿರಿ. ಈ ವರ್ಷ ಸುರಕ್ಷಿತ ಜಾಗ ಮೇಲಿನ ಒಂದನೇ ಪಾತಿ ಮಾತ್ರ. ಅದರಲ್ಲೇ ಟೊಮೆಟೊ, ಬದನೆ ಸೇರಿಸಿ ಸ್ವಲ್ಪ ಸ್ವಲ್ಪ ಇಡಿ. ಎರಡಕ್ಕೆ ಮುಸುಕಿನ ಜೋಳ, ಹುಲ್ಲಿನ ಜಾತಿಯಾದ್ದರಿಂದ ಈ ರೋಗಕ್ಕೆ ಅದು ಬೇಡ. ಮೂರಕ್ಕೆ ಬೀನ್ಸ್, ಅಲಸಂದೆ. ನಾಲ್ಕಕ್ಕೆ ಸೌತೆ, ಹೀರೆ, ಹಾಗಲ. ಎರಡರಿಂದ ನಾಲ್ಕರವರೆಗೆ ಮೂರು ನಾಲ್ಕು ವರ್ಷ ಬದನೆ ಮನೆಯವು ಬೇಡ. ಹೌದು, ಜಾಸ್ತಿ ಅನ್ನಿಸುತ್ತದೆ. ಎರಡು ವರ್ಷಕ್ಕೆ ಮುಗಿಸಲು ಹೋಗಿ ನಾನು ಅನುಭವಿಸಿದ್ದೇನೆ.

ಕೋಸು ಹಾಕುವಾಗ ನೆನಪಿಡಿ, ಮೂಲಂಗಿಯೂ ಕೋಸಿನ ಮನೆಯದೇ, ನವಿಲುಕೋಸೂ ಅಷ್ಟೇ. ಬೀಟ್ರೂಟ್, ಪಾಲಕ್, ಹರಿವೆ ಒಂದು ಗುಂಪು. ಕ್ಯಾರೆಟ್, ಕೊತ್ತಂಬರಿ ಒಂದು ಗುಂಪು. "ಬೇರು ತರಕಾರಿ, ಎಲೆ ತರಕಾರಿ" ಎಂದು ಭಾಗ ಮಾಡಿ ತಿರುಗಿಸುವ ಪಟ್ಟಿ ವಾಟ್ಸಾಪಿನಲ್ಲಿ ಓಡಾಡುತ್ತಿದೆ, ಅದನ್ನು ನಂಬಬೇಡಿ.

ಮಳೆಗಾಲವನ್ನೂ ನಕ್ಷೆಯಲ್ಲಿ ಬರೆಯಿರಿ. ನೀವು ಬೇಸಿಗೆ ಬೆಳೆ ಮಾತ್ರ ಬರೆದಿದ್ದೀರಿ. ಜೂನ್‌ನಿಂದ ಸೆಪ್ಟೆಂಬರ್ ಪಾತಿ ಬೋಳಾಗಿದ್ದರೆ ಮಣ್ಣೂ ಹೋಗುತ್ತದೆ, ಕಾಕೆಯೂ ಹುಟ್ಟುತ್ತದೆ. ಖಾಲಿಯಾಗುವ ಪಾತಿಗೆ ಏಪ್ರಿಲ್ ಕೊನೆಯ ಮಳೆಗೆ ಹಸಿರು ಗೊಬ್ಬರದ ಸೆಣಬಿನ ಬೀಜ ಚೆಲ್ಲಿ. ಸುಮಾರು 45 ದಿನಕ್ಕೆ, ಹೂ ಬರುವಾಗ ಕಡಿದು ಅಲ್ಲೇ ಹಾಸಿ. ಬೇರುಗಂಟಿಗೂ ಒಳ್ಳೆಯದು. ಚೆಂಡುಹೂ ಕೂಡ ಅದಕ್ಕೆ ಒಳ್ಳೆಯದೇ, ಆದರೆ ನಾಲ್ಕು ಮೂಲೆಗೆ ನಾಲ್ಕು ಗಿಡ ಇಟ್ಟರೆ ಪ್ರಯೋಜನ ಇಲ್ಲ, ಪಾತಿ ತುಂಬ ಹಾಕಬೇಕು.

ಸುಣ್ಣದ ಬಗ್ಗೆ. ನಮ್ಮ ಮಳೆಗೆ ಮಣ್ಣು ಹುಳಿಯಾಗುತ್ತದೆ, ತೋಟಕ್ಕೆ ಸುಣ್ಣ ಹಾಕುತ್ತೇವೆ, ತರಕಾರಿ ಪಾತಿಯನ್ನು ಮರೆಯುತ್ತೇವೆ. ಹತ್ತಡಿ ನಾಲ್ಕಡಿ ಪಾತಿಗೆ ಮುಕ್ಕಾಲು ಕೆಜಿ ಕೃಷಿ ಸುಣ್ಣ ನಾನು ಹಾಕುವ ಲೆಕ್ಕ. ಗೋಡೆಗೆ ಬಳಿಯುವ ಸುಣ್ಣ ಅಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ವರ್ಷ ವರ್ಷ ಸುರಿಯಬೇಡಿ. ಸುಣ್ಣ ಹಾಕಿದ ದಿನವೇ ಗೊಬ್ಬರ ಹಾಕಬೇಡಿ, ಹದಿನೈದು ಇಪ್ಪತ್ತು ದಿನ ಬಿಡಿ. ಇಲ್ಲದಿದ್ದರೆ ಗೊಬ್ಬರದ ಸಾರಜನಕ ಗಾಳಿಗೆ ಹೋಗುತ್ತದೆ. ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಪಕ್ಕದ ಹಸಿ ಕಾಫಿ ಸಿಪ್ಪೆಯನ್ನು ನೇರ ಪಾತಿಗೆ ತಂದು ಹಾಕುವವರೂ ಇದ್ದಾರೆ. ಬೇಡ. ಚೆನ್ನಾಗಿ ಕೊಳೆತು ಕಪ್ಪಾಗಲಿ. ತೋಟದ ನೆರಳಿಗೆ ಬೆಳೆಸುವ ಹಾಲುವಾಣ ಮರದ ಸೊಪ್ಪು ಹೊದಿಕೆಗೆ ತುಂಬಾ ಒಳ್ಳೆಯದು.

ಬೀಜ. ಬಾಡುವ ರೋಗ ಇದ್ದಲ್ಲಿ ನಾನು ಅರ್ಕಾ ರಕ್ಷಕ್ ಬಿಟ್ಟು ಬೇರೆ ಟೊಮೆಟೊ ಇಡುವುದಿಲ್ಲ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ, ಸೊರಗು ರೋಗ, ಎಲೆ ಮುದುಡು ರೋಗ ಮತ್ತು ಮೊದಲ ಅಂಗಮಾರಿ (ಅರ್ಲಿ ಬ್ಲೈಟ್ ಎಂಬ ಎಲೆ ರೋಗ), ಮೂರನ್ನೂ ತಡೆಯುತ್ತದೆ. ತಡೆಯುತ್ತದೆ ಅಂದರೆ ಸಾಯುವುದೇ ಇಲ್ಲ ಅಂತಲ್ಲ. ಹೋದ ವರ್ಷ 24ರಲ್ಲಿ ಮೂರು ಹೋದವು. ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಡಬೇಡಿ. ಅದೇ ಸಂಸ್ಥೆಯ ಕೇಂದ್ರ ನಮ್ಮ ಚೆಟ್ಟಳ್ಳಿಯಲ್ಲೇ ಇದೆ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಹೋಗಿ ಕೇಳಿ. ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವ, ಬೇರಿಗೆ ಯಾರದೋ ಮಣ್ಣು ಮೆತ್ತಿದ ಸಸಿ ತರಬೇಡಿ. ಐವತ್ತು ರೂಪಾಯಿ ಉಳಿಸಲು ಹೋಗಿ ರೋಗವನ್ನೇ ಮನೆಗೆ ತರುತ್ತೀರಿ. ಬದನೆ ಜಾಸ್ತಿ ಬೇಕಾದವರು ಸುಂಡೆ (ಒಂದು ಬಗೆಯ ಕಾಡು ಬದನೆ) ಗಿಡದ ಬೇರಿಗೆ ಕಸಿ ಮಾಡಿ ನೋಡಿ, ಸುಂಡೆಗೆ ಈ ರೋಗ ಸುಲಭವಾಗಿ ಹತ್ತುವುದಿಲ್ಲ.

ಬೇವಿನ ಹಿಂಡಿಯನ್ನು ಚೀಲದ ಮೇಲಿನ ಹೆಸರು ನೋಡಿ ಕೊಳ್ಳಬೇಡಿ, ಮುಷ್ಟಿಯಲ್ಲಿ ಹಿಡಿದು ಮೂಸಿ. ಒಮ್ಮೆ ನನಗೆ ಬಂದ ಚೀಲದಲ್ಲಿ ಬೇವಿನ ವಾಸನೆಯೇ ಇರಲಿಲ್ಲ. "ಸೊರಗು ರೋಗಕ್ಕೆ ಒಂದೇ ಸಲಕ್ಕೆ ಪರಿಹಾರ" ಎಂದು ಬರೆದ ಬಾಟಲಿಗಳಿಗಂತೂ ಸುಮ್ನೆ ದುಡ್ಡು ಹಾಕಬೇಡಿ.

ಬಾಡಿದ ಗಿಡವನ್ನು ಬೇರು ಮಣ್ಣು ಸಮೇತ ಚೀಲಕ್ಕೆ ಹಾಕಿ ಹೊರಗೆ ಒಯ್ದು ಸುಡಿ. ಗೊಬ್ಬರದ ಗುಂಡಿಗೆ ಬೇಡ. ಆ ಪಾತಿಯಲ್ಲಿ ಬಳಸಿದ ಗುದ್ದಲಿ ತೊಳೆದು ಬಿಸಿಲಿಗಿಟ್ಟು ಆಮೇಲೆ ಬೇರೆ ಪಾತಿಗೆ. ಚಪ್ಪಲಿಯ ಮಣ್ಣೂ ಲೆಕ್ಕವೇ.

ಮನೆಗೆ ಗದ್ದೆ ಇದ್ದರೆ ಇಷ್ಟೆಲ್ಲ ತಲೆನೋವು ಕಡಿಮೆ. ಭತ್ತಕ್ಕೆ ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನಲ್ಲಿ ಈ ರೋಗವೂ ಬೇರುಗಂಟೂ ತಗ್ಗುತ್ತವೆ. ಶನಿವಾರಸಂತೆ ಕಡೆ ಕೊಯ್ಲಾದ ಗದ್ದೆಯಲ್ಲೇ ಹಸಿಮೆಣಸು ಬೆಳೆಯುತ್ತಾರಲ್ಲ. ಒಂದು ಮೂಲೆ ಸಿಕ್ಕಿದರೂ ಸಾಕು.

ಮೆಣಸಿನ ಸಸಿಗೆ ಮುಂಗಡ ಕೊಟ್ಟಾಗಿದೆ ಎಂದಿದ್ದೀರಿ. ಹಾಗಾದರೆ ಬಿಸಾಡಬೇಡಿ. ಗೊಬ್ಬರದ ಖಾಲಿ ಚೀಲ ಮಡಚಿ, ತಳಕ್ಕೆ ತೂತು ಮಾಡಿ, ತೋಟದ ಒಳಗಿನ ಮಣ್ಣು ಎರಡು ಪಾಲು, ಹಳೆ ಕೊಟ್ಟಿಗೆ ಗೊಬ್ಬರ ಒಂದು ಪಾಲು ಸೇರಿಸಿ ತುಂಬಿ. ಶುಂಠಿ ಬೆಳೆದ ಜಾಗದ ಮಣ್ಣು ಮಾತ್ರ ಬೇಡ. ಚೀಲವನ್ನು ಅಂಗಳದಲ್ಲಿ ಕಲ್ಲಿನ ಮೇಲೆ ಇಡಿ, ನೆಲಕ್ಕೆ ತಾಗಬಾರದು. ಫೆಬ್ರವರಿ ಮಧ್ಯದೊಳಗೆ ನೆಟ್ಟರೆ ಜೋರು ಮಳೆ ಹಿಡಿಯುವ ಮೊದಲು ಒಳ್ಳೆ ಕಾಯಿ ಕೊಯ್ಯಬಹುದು. ಲೋಟದ ಫೋಟೋ ಮಾತ್ರ ಇಲ್ಲಿ ಹಾಕಿ ಅಕ್ಕ, ಹಿಂದೆ ಕಪ್ಪು ಬಟ್ಟೆ ಹಿಡಿದು ತೆಗೆದರೆ ಎಳೆ ಚೆನ್ನಾಗಿ ಕಾಣುತ್ತದೆ.