ಸಿಗರೇಟು ಬಿಡಲು ಗಮ್, ಪ್ಯಾಚ್, ಇ-ಸಿಗರೇಟು: ಇವುಗಳಿಂದ ನಿಜಕ್ಕೂ ಪ್ರಯೋಜನವಿದೆಯೇ?

ಪ್ರಶ್ನೆ: ನನಗೆ 46 ವರ್ಷ. 22 ವರ್ಷಗಳಿಂದ ಸಿಗರೇಟು ಸೇದುತ್ತಿದ್ದೇನೆ, ಈಗ ದಿನಕ್ಕೆ ಹದಿನೈದಕ್ಕಿಂತ ಕಡಿಮೆಯಿಲ್ಲ. ಬೆಳಿಗ್ಗೆ ಎದ್ದ ಹತ್ತು ನಿಮಿಷದೊಳಗೆ ಮೊದಲನೆಯದು ಬೇಕೇ ಬೇಕು. ಎರಡು ಸಲ ಬಿಡಲು ಪ್ರಯತ್ನಿಸಿದ್ದೇನೆ. ಮೊದಲ ಸಲ ಯಾವ ಔಷಧವೂ ಇಲ್ಲದೆ ಬಿಟ್ಟು ಐದನೆಯ ದಿನ ಸೋತೆ. ಎರಡನೆಯ ಸಲ 2 ಮಿಲಿಗ್ರಾಂನ ನಿಕೋಟಿನ್ ಗಮ್ ತಂದು ದಿನಕ್ಕೆ ಮೂರು ನಾಲ್ಕು ಅಗಿದೆ. ಬಾಯುರಿ, ಬಿಕ್ಕಳಿಕೆ ಬಂತೇ ಹೊರತು ಸೇದಬೇಕೆಂಬ ಆಸೆ ಹೋಗಲಿಲ್ಲ. 'ಒಂದು ಚಟ ಬಿಡಲು ಇನ್ನೊಂದು ಚಟ ಹಿಡಿಯಬೇಕೇ?' ಎಂದು ನನ್ನ ಪತ್ನಿ ಕೇಳುತ್ತಾಳೆ. ಗೆಳೆಯರೊಬ್ಬರು ಇ-ಸಿಗರೇಟು ಸೇದಿ ನೋಡು ಎನ್ನುತ್ತಾರೆ, ಮತ್ತೊಬ್ಬರು ತಂಬಾಕಿಲ್ಲದ ಗಿಡಮೂಲಿಕೆಯ ಸಿಗರೇಟು ಎನ್ನುತ್ತಾರೆ. ಇಂಥ ಬದಲಿಗಳಿಂದ ನಿಜಕ್ಕೂ ಉಪಯೋಗವಿದೆಯೇ, ಇಲ್ಲವೇ ಮನಸ್ಸು ಗಟ್ಟಿ ಮಾಡಿಕೊಳ್ಳುವುದೊಂದೇ ದಾರಿಯೇ?

ಉತ್ತರ: ಉಪಯೋಗ ಖಂಡಿತ ಇದೆ. ಯಾವ ನೆರವೂ ಇಲ್ಲದೆ ಕೇವಲ ಮನೋಬಲದಿಂದ ಬಿಡಲು ಹೊರಟ ನೂರು ಮಂದಿಯಲ್ಲಿ, ಆರು ತಿಂಗಳೋ ಒಂದು ವರ್ಷವೋ ಕಳೆದ ಮೇಲೂ ಸಿಗರೇಟಿನಿಂದ ದೂರವೇ ಉಳಿದಿರುವವರು ಮೂರರಿಂದ ಐದು ಮಂದಿ ಮಾತ್ರ. ಹಾಗಾಗಿ ಐದನೆಯ ದಿನ ಸೋತದ್ದನ್ನು ನಿಮ್ಮ ಮನಸ್ಸಿನ ದೌರ್ಬಲ್ಯವೆಂದು ದಯವಿಟ್ಟು ಭಾವಿಸಬೇಡಿ. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಚೀಪುವ ಮಾತ್ರೆ ಇವುಗಳಲ್ಲಿ ಯಾವುದನ್ನು ಬಳಸಿದರೂ ಬಿಡುವ ಸಾಧ್ಯತೆ ಸುಮಾರು ಒಂದೂವರೆ ಪಟ್ಟು ಹೆಚ್ಚುತ್ತದೆ ಎಂಬುದು ಅರವತ್ತು ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡ ನೂರಕ್ಕೂ ಮೀರಿದ ಅಧ್ಯಯನಗಳಿಂದ ದೃಢಪಟ್ಟಿದೆ. ಔಷಧವಿಲ್ಲದೆ ಹತ್ತು ಮಂದಿ ಬಿಡುವ ಕಡೆ ಔಷಧದೊಂದಿಗೆ ಹದಿನೈದು ಮಂದಿ ಬಿಡುತ್ತಾರೆ ಎಂದು ಇದರ ಅರ್ಥ. ಈ ಲಾಭ ಸಿಗುವುದು ಬದಲಿಯನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ದಿನ, ಸರಿಯಾದ ಕ್ರಮದಲ್ಲಿ ಬಳಸಿದವರಿಗೆ. ನಿಮ್ಮ ಎರಡನೆಯ ಪ್ರಯತ್ನದಲ್ಲಿ ಈ ಮೂರೂ ಆಗಿರಲಿಲ್ಲ.

ಮೊದಲು ನಿಮ್ಮ ಪತ್ನಿಯವರ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ಸಿಗರೇಟಿನಲ್ಲಿ ಚಟ ಹಿಡಿಸುವುದು ನಿಕೋಟಿನ್, ಜೀವ ತೆಗೆಯುವುದು ಹೊಗೆ. ತಂಬಾಕು ಉರಿದಾಗ ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ. ಗಮ್ಮಿನಲ್ಲಾಗಲಿ ಪ್ಯಾಚಿನಲ್ಲಾಗಲಿ ಇವು ಯಾವುವೂ ಇಲ್ಲ. ನಿಕೋಟಿನ್ ಪೂರ್ತಿ ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ಅದು ನಾಡಿ ಬಡಿತವನ್ನೂ ರಕ್ತದೊತ್ತಡವನ್ನೂ ಸ್ವಲ್ಪ ಏರಿಸುತ್ತದೆ, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಳಸಬಾರದು, ಮಕ್ಕಳ ಕೈಗಂತೂ ಸಿಗಲೇಬಾರದು. ಆದರೆ ಚಟವಾಗಿ ಬೇರೂರುವುದಕ್ಕೆ ವೇಗ ಬೇಕು. ಸೇದಿದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ, ಗಮ್ಮಿನದು ಪೂರ್ತಿ ಏರಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ, ಪ್ಯಾಚಿನದಕ್ಕೆ ಕೆಲವು ಗಂಟೆಗಳೇ ಬೇಕು. ಬದಲಿಗಳಿಂದ ಹೊರಬರುವುದು ಸಿಗರೇಟಿನಿಂದ ಹೊರಬರುವುದಕ್ಕಿಂತ ಎಷ್ಟೋ ಸುಲಭವಾಗಿರುವುದು ಈ ನಿಧಾನದಿಂದಲೇ. ಇಲ್ಲಿ ಒಂದು ಚಿಕ್ಕ ಸಂಗತಿ ನೆನಪಾಗುತ್ತದೆ. ಈ ಗಮ್ಮನ್ನು ರೂಪಿಸಿದವರು ಸ್ವೀಡನ್ನಿನ ವಿಜ್ಞಾನಿ ಓವೆ ಫೆರ್ನೋ. ಜಲಾಂತರ್ಗಾಮಿಗಳೊಳಗೆ ಸಿಗರೇಟು ಹಚ್ಚಲಾಗದ ನಾವಿಕರು ಆ ದಿನಗಳಲ್ಲಿ ತಂಬಾಕನ್ನು ಬಾಯಲ್ಲಿಟ್ಟುಕೊಂಡು ಹೇಗೋ ಸಂಭಾಳಿಸುತ್ತಿದ್ದರು ಎಂಬುದನ್ನು ತಿಳಿದೇ ಅವರಿಗೆ, ಹೊಗೆಯಿಲ್ಲದೆ ನಿಕೋಟಿನ್ ಕೊಟ್ಟು ಸಿಗರೇಟು ಬಿಡಿಸುವ ಆಲೋಚನೆ ಹೊಳೆಯಿತು.

ಗಮ್ಮಿನಿಂದ ಏನೂ ಆಗಲಿಲ್ಲ ಎಂದು ಹೇಳಿಕೊಂಡು ಬರುವವರಿಗೆ ನಾನು ಒಂದು ಗಮ್ ಕೊಟ್ಟು ನನ್ನೆದುರಿಗೇ ಅಗಿಯಲು ಹೇಳುತ್ತೇನೆ. ಕೆಲವು ತಿಂಗಳ ಹಿಂದೆ ಒಬ್ಬರು ಅದನ್ನು ಬಾಯಿಗೆ ಹಾಕಿಕೊಂಡವರೇ ದವಡೆ ನಿಲ್ಲಿಸದೆ ಅಗಿದರು, ಬಾಯಿ ತುಂಬ ಬಂದ ಜೊಲ್ಲನ್ನು ಎರಡು ಮೂರು ಸಲ ನುಂಗಿದರು, ಮೂರು ನಿಮಿಷ ಕಳೆಯುವಷ್ಟರಲ್ಲಿ ಬಿಕ್ಕಳಿಸತೊಡಗಿದರು. ಗಮ್ಮನ್ನು ಕಾಗದದ ಚೂರಿಗೆ ಉಗಿದು, 'ನೋಡಿದಿರಾ ಡಾಕ್ಟ್ರೇ, ಪ್ರತಿಸಲವೂ ಹೀಗೇ' ಎಂದರು. ನಿಮಗೂ ಬಹುಶಃ ಹೀಗೇ ಆಗಿದೆ. ಈ ಗಮ್ಮಿನ ನಿಕೋಟಿನ್ ದೇಹಕ್ಕೆ ಸೇರಬೇಕಾದದ್ದು ಕೆನ್ನೆಯ ಒಳಪದರದಿಂದ. ಜೊಲ್ಲಿನೊಂದಿಗೆ ನುಂಗಿದರೆ ಅದು ಗಂಟಲನ್ನೂ ಹೊಟ್ಟೆಯನ್ನೂ ಕೆರಳಿಸಿ ಬಿಕ್ಕಳಿಕೆ, ಎದೆಯುರಿ ತರುತ್ತದೆ, ಮೇಲಾಗಿ ಅದರ ಬಹುಭಾಗವನ್ನು ಯಕೃತ್ತು ಒಡೆದುಹಾಕುವುದರಿಂದ ಮಿದುಳಿಗೆ ತಲುಪುವುದು ಅತ್ಯಲ್ಪ. ಆದ್ದರಿಂದ ನಿಧಾನವಾಗಿ ಅಗಿಯಿರಿ. ನಾಲಿಗೆಗೆ ಖಾರದಂಥ ರುಚಿ ಬಂದು ಬಾಯಿ ಜುಮ್ಮೆಂದ ಕೂಡಲೇ ನಿಲ್ಲಿಸಿ, ಗಮ್ಮನ್ನು ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಜುಮ್ಮೆನ್ನುವುದು ಇಳಿಯುತ್ತದೆ, ಆಗ ಮತ್ತೆ ಕೆಲವು ಸಲ ಅಗಿದು ಇನ್ನೊಂದು ಕಡೆಯ ಕೆನ್ನೆಗೆ ಸರಿಸಿ. ಹೀಗೆ ಅರ್ಧ ಗಂಟೆ ನಡೆಯಬೇಕು. ಗಮ್ ಹಾಕಿಕೊಳ್ಳುವ ಹದಿನೈದು ನಿಮಿಷ ಮೊದಲಿನಿಂದ ಅದು ಬಾಯಲ್ಲಿರುವವರೆಗೆ ನೀರನ್ನು ಬಿಟ್ಟು ಕಾಫಿ, ಹಣ್ಣಿನ ರಸ, ತಂಪು ಪಾನೀಯ ಯಾವುದನ್ನೂ ಕುಡಿಯಬೇಡಿ, ಅವುಗಳ ಆಮ್ಲ ನಿಕೋಟಿನ್ ಹೀರಿಕೆಯನ್ನು ತಡೆಯುತ್ತದೆ.

ಪ್ರಮಾಣದ ವಿಷಯ. ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು ಬೇಕೆನ್ನಿಸುವವರಿಗೆ 4 ಮಿಲಿಗ್ರಾಂನ ಗಮ್ ಬೇಕು, ನಿಮಗೆ 2 ಸಾಲದು. ಮೊದಲ ಆರು ವಾರ ಎಚ್ಚರವಿರುವಾಗ ಒಂದೆರಡು ಗಂಟೆಗೊಂದರಂತೆ, ದಿನಕ್ಕೆ ಒಂಬತ್ತಕ್ಕೆ ಕಡಿಮೆಯಾಗದಂತೆ, 24 ಮೀರದಂತೆ ಬಳಸಬೇಕು. ಆಸೆ ಕೆರಳಿದ ಮೇಲೆ ಗಮ್ ಹುಡುಕಿದರೆ ತಡವಾಗಿರುತ್ತದೆ. ಊಟದ ನಂತರ, ಫೋನಿನಲ್ಲಿ ಮಾತಾಡುವಾಗ, ಕೆಲಸದ ನಡುವಿನ ವಿರಾಮದಲ್ಲಿ, ನಿಮ್ಮ ಆಸೆ ಯಾವ ಹೊತ್ತಿಗೆ ಬರುತ್ತದೆಂದು ನಿಮಗೇ ಗೊತ್ತಿರುತ್ತದೆ, ಅದಕ್ಕೆ ಸ್ವಲ್ಪ ಮುಂಚೆಯೇ ಹಾಕಿಕೊಳ್ಳಿ.

ನಿಮ್ಮಷ್ಟು ಸೇದುವವರಿಗೆ ನಾನು ಗಮ್ ಒಂದನ್ನೇ ಸೂಚಿಸುವುದಿಲ್ಲ. ಪ್ಯಾಚ್ ಮತ್ತು ಗಮ್ ಎರಡನ್ನೂ ಜೊತೆಯಾಗಿ ಬಳಸಿದವರು ಯಾವುದಾದರೂ ಒಂದನ್ನು ಮಾತ್ರ ಬಳಸಿದವರಿಗಿಂತ ಹೆಚ್ಚು ಸಂಖ್ಯೆಯಲ್ಲಿ ಬಿಡುತ್ತಾರೆ. ಪ್ಯಾಚ್ ದಿನವಿಡೀ ಒಂದೇ ಸಮನೆ ನಿಕೋಟಿನ್ ಒದಗಿಸುತ್ತದೆ, ನಡುನಡುವೆ ಕೆರಳುವ ಆಸೆಯನ್ನು ಗಮ್ ಶಮನ ಮಾಡುತ್ತದೆ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರು ಸಾಮಾನ್ಯವಾಗಿ 21 ಮಿಲಿಗ್ರಾಂನ ಪ್ಯಾಚನ್ನು ಆರು ವಾರ, 14ರದ್ದನ್ನು ಎರಡು ವಾರ, 7ರದ್ದನ್ನು ಎರಡು ವಾರ ಬಳಸುತ್ತಾರೆ. ಕೂದಲಿಲ್ಲದ ಒಣ ಚರ್ಮದ ಮೇಲೆ, ದಿನಕ್ಕೊಂದು ಜಾಗ ಬದಲಿಸುತ್ತ ಅಂಟಿಸಿ. ರಾತ್ರಿ ವಿಚಿತ್ರ ಕನಸುಗಳು ಬಿದ್ದು ನಿದ್ದೆ ಕೆಟ್ಟರೆ ಮಲಗುವಾಗ ತೆಗೆದುಬಿಡಿ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಹೊಸದನ್ನು ಅಂಟಿಸಿ ಒಂದು ಗಮ್ ಹಾಕಿಕೊಳ್ಳಿ. ಒಂದು ವೇಳೆ ನಡುವೆ ಒಂದು ಸಿಗರೇಟು ಸೇದಿಬಿಟ್ಟಿರಿ ಎಂದಿಟ್ಟುಕೊಳ್ಳಿ. ಹೆದರಿ ಪ್ಯಾಚನ್ನು ಕಿತ್ತೆಸೆಯಬೇಡಿ, ಎಲ್ಲವೂ ಮುಗಿಯಿತೆಂದು ಪೊಟ್ಟಣವನ್ನೂ ಕೊಳ್ಳಬೇಡಿ. ಚಿಕಿತ್ಸೆಯನ್ನು ಹಾಗೆಯೇ ಮುಂದುವರಿಸಿ.

ಇಷ್ಟಾದರೂ ಬದಲಿಗಳು ಮಾಡಲಾರದ ಒಂದು ಕೆಲಸವಿದೆ. ದಿನಕ್ಕೆ ಹದಿನೈದು ಸಿಗರೇಟು, ಒಂದೊಂದಕ್ಕೆ ಹತ್ತು ದಮ್ಮು ಎಂದು ಲೆಕ್ಕ ಹಾಕಿದರೆ, 22 ವರ್ಷಗಳಲ್ಲಿ ನಿಮ್ಮ ಕೈ ಹತ್ತು ಲಕ್ಷಕ್ಕೂ ಹೆಚ್ಚು ಸಲ ತುಟಿಗೆ ಹೋಗಿದೆ. ಆ ಕೈಗೆ, ಆ ತುಟಿಗೆ, ಆ ಹೊತ್ತಿಗೆ ಪ್ಯಾಚ್ ಏನೂ ಕೊಡಲಾರದು. ಸೇದಬೇಕೆಂಬ ತೀವ್ರ ಆಸೆ ಸಾಮಾನ್ಯವಾಗಿ ಕೆಲವೇ ನಿಮಿಷ ಇದ್ದು ಇಳಿಯುತ್ತದೆ. ಆ ನಿಮಿಷಗಳಲ್ಲಿ ಕೂತ ಜಾಗದಿಂದ ಏಳುವುದು, ನೀರು ಕುಡಿಯುವುದು, ಯಾರಿಗಾದರೂ ಫೋನ್ ಮಾಡುವುದು ಅತಿ ಸಾಮಾನ್ಯ ಸಲಹೆಯೆನ್ನಿಸಬಹುದು, ಆದರೆ ಬಿಟ್ಟವರನ್ನು ಕೇಳಿದರೆ ಅವರು ಹೇಳುವುದೂ ಇದನ್ನೇ. ಸಿಡಿಮಿಡಿ, ಏಕಾಗ್ರತೆಯ ಕೊರತೆ, ಹಸಿವು, ನಿದ್ರಾಹೀನತೆ ಎರಡು ಮೂರನೆಯ ದಿನ ಪರಾಕಾಷ್ಠೆಗೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಅಂಶವಿದೆ. ತಂಬಾಕಿನ ಹೊಗೆ ಕೆಫೀನನ್ನು ಯಕೃತ್ತು ಬೇಗ ಒಡೆಯುವಂತೆ ಮಾಡುತ್ತಿರುತ್ತದೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಅದೇ ಎರಡು ಲೋಟ ಕಾಫಿ ಮೊದಲಿಗಿಂತ ಬಹಳ ಹೆಚ್ಚು ಪರಿಣಾಮ ಬೀರಿ, ಎದೆ ಡವಡವ ಎನ್ನುತ್ತದೆ, ನಿದ್ದೆ ಹಾರಿಹೋಗುತ್ತದೆ. ಜನ ಅದನ್ನು ಸಿಗರೇಟಿಲ್ಲದ ಸಂಕಟವೆಂದೇ ತಿಳಿದು ಮತ್ತೆ ಹಚ್ಚುತ್ತಾರೆ. ಕಾಫಿಯನ್ನು ಅರ್ಧಕ್ಕಿಳಿಸಿ. ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗಳಿಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್‌ನಂಥ ಔಷಧಗಳನ್ನು ಸೇವಿಸುತ್ತಿರುವವರು ಸಿಗರೇಟು ಬಿಡುವ ಮುನ್ನ ವೈದ್ಯರಿಗೆ ತಿಳಿಸಲೇಬೇಕು, ಇದೇ ಕಾರಣಕ್ಕೆ ಅವುಗಳ ಪ್ರಮಾಣವನ್ನೂ ಇಳಿಸಬೇಕಾಗಬಹುದು.

ಗಿಡಮೂಲಿಕೆಯ ಸಿಗರೇಟಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾವ ಎಲೆ ಸುಟ್ಟರೂ ಟಾರೂ ಕಾರ್ಬನ್ ಮೊನಾಕ್ಸೈಡೂ ಬರುತ್ತವೆ. ಅದರಲ್ಲಿ ನಿಕೋಟಿನ್ ಇಲ್ಲ, ಹಾನಿಕರ ಹೊಗೆ ಮಾತ್ರ ಇದೆ, ಅಂದರೆ ನಿಮಗೆ ಬೇಕಾದದ್ದಕ್ಕೆ ತೀರಾ ತದ್ವಿರುದ್ಧ. ಇ-ಸಿಗರೇಟಿನ ಪ್ರಶ್ನೆ ಅಷ್ಟು ಸರಳವಲ್ಲ. ನಿಕೋಟಿನ್ ಇರುವ ಇ-ಸಿಗರೇಟು ಬಳಸಿದವರಲ್ಲಿ, ಗಮ್ ಪ್ಯಾಚ್ ಬಳಸಿದವರಿಗಿಂತ ಹೆಚ್ಚು ಮಂದಿ ಸಿಗರೇಟು ಬಿಟ್ಟಿದ್ದಾರೆಂಬುದಕ್ಕೆ ಒಳ್ಳೆಯ ಪುರಾವೆಗಳಿವೆ, ಇದನ್ನು ಮುಚ್ಚಿಡುವುದು ಸರಿಯಲ್ಲ. ಉರಿಯುವ ತಂಬಾಕಿಗಿಂತ ಅದರ ಆವಿಯಲ್ಲಿ ವಿಷಗಳೂ ಕಡಿಮೆ. ಆದರೆ ಹಾಗೆ ಬಿಟ್ಟವರಲ್ಲಿ ಬಹಳಷ್ಟು ಮಂದಿ ವರ್ಷ ಕಳೆದರೂ ಇ-ಸಿಗರೇಟನ್ನು ಎಳೆಯುತ್ತಲೇ ಇರುತ್ತಾರೆ, ದಶಕಗಳ ಕಾಲ ಆ ಆವಿಯನ್ನು ಎಳೆದುಕೊಂಡ ಶ್ವಾಸಕೋಶ ಏನಾಗುತ್ತದೆಂದು ಹೇಳುವಷ್ಟು ಕಾಲವೂ ಇನ್ನೂ ಕಳೆದಿಲ್ಲ, ಹಲವು ದೇಶಗಳಲ್ಲಿ ಅದು ನಿಷಿದ್ಧವೂ ಹೌದು. ಇ-ಸಿಗರೇಟಿನ ಜೊತೆಗೆ ದಿನಕ್ಕೆ ಐದಾರು ಸಿಗರೇಟನ್ನೂ ಸೇದುತ್ತಿದ್ದರೆ ಲಾಭವೆಲ್ಲ ಮಣ್ಣುಪಾಲು. ಸರಿಯಾಗಿ ಬಳಸಿದ ಪ್ಯಾಚ್, ಗಮ್ ಮತ್ತು ಮಾತ್ರೆಗಳನ್ನು ಇನ್ನೂ ಪರೀಕ್ಷಿಸಿಯೇ ನೋಡದ ನಿಮಗೆ ನಾನು ಅದನ್ನು ಸೂಚಿಸಲಾರೆ.

ಮಾತ್ರೆಗಳೆಂದರೆ ಮುಖ್ಯವಾಗಿ ವರೆನಿಕ್ಲಿನ್. ಅದು ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನು ಕೂತು ಆಸೆಯನ್ನು ತಗ್ಗಿಸುತ್ತದೆ, ಸೇದಿದರೂ ಮೊದಲಿನ ಸುಖ ಸಿಗದಂತೆ ಮಾಡುತ್ತದೆ. ಬಿಡುವ ದಿನಕ್ಕಿಂತ ಒಂದು ವಾರ ಮೊದಲು ಆರಂಭಿಸಿ ಹನ್ನೆರಡು ವಾರ ತೆಗೆದುಕೊಳ್ಳಬೇಕು, ವಾಕರಿಕೆ ಸಾಮಾನ್ಯ. ಬ್ಯುಪ್ರೊಪಿಯಾನ್ ಇನ್ನೊಂದು, ಆದರೆ ಮೂರ್ಛೆರೋಗ ಇದ್ದವರಿಗೆ ಅದು ಸಲ್ಲದು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂಬಾಕು ಬಿಡಿಸುವ ಚಿಕಿತ್ಸೆಗೆ ಹೊರಡಿಸಿದ ಮೊದಲ ಮಾರ್ಗಸೂಚಿಯಲ್ಲಿ ಇವೆರಡೂ, ನಿಕೋಟಿನ್ ಬದಲಿಗಳೂ, ಸೈಟಿಸಿನ್ ಎಂಬ ಸಸ್ಯಮೂಲದ ಔಷಧವೂ ಇವೆ, ಆಪ್ತಸಲಹೆಯೊಂದಿಗೆ ಸೇರಿದಾಗಲೇ ಇವುಗಳ ಪೂರ್ತಿ ಫಲ ಸಿಗುವುದೆಂಬ ಮಾತೂ ಇದೆ. ಎರಡು ಮೂರು ವಾರಗಳೊಳಗೆ ಒಂದು ದಿನ ಗೊತ್ತು ಮಾಡಿಕೊಂಡು, ಅದಕ್ಕೆ ಮುನ್ನ ವೈದ್ಯರನ್ನು ಒಮ್ಮೆ ಕಾಣಿ. ಸಾಧ್ಯವಾದರೆ ಪತ್ನಿಯವರನ್ನೂ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಒಂದು ವರ್ಷದ ಹಿಂದೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಲಾಗಿದೆ. ದಿನಕ್ಕೆ 20 ಸೇದುತ್ತಿದ್ದವರು ನಾಲ್ಕಕ್ಕೆ ಇಳಿಸಿದ್ದಾರೆ, ಇಷ್ಟು ಸಾಕು, ಈ ವಯಸ್ಸಿನಲ್ಲಿ ಪೂರ್ತಿ ಬಿಟ್ಟು ಏನಾಗಬೇಕು ಎನ್ನುತ್ತಾರೆ. ಪ್ಯಾಚ್ ಹಾಕಿದರೆ ಅವರ ಹೃದಯಕ್ಕೆ ಅಪಾಯವೇ?

ಉತ್ತರ: ನಾಲ್ಕಕ್ಕೆ ಇಳಿಸಿದ್ದು ಸಣ್ಣ ಸಾಧನೆಯಲ್ಲ, ಅದನ್ನು ಅವರಿಗೆ ಮೊದಲು ಹೇಳಿ. ಆದರೆ ಹೃದಯದ ಲೆಕ್ಕ ಬೇರೆ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ, ಇಪ್ಪತ್ತು ಸೇದುವವರಿಗಿರುವ ಹೆಚ್ಚುವರಿ ಹೃದ್ರೋಗದ ಅಪಾಯದ ಸುಮಾರು ಅರ್ಧದಷ್ಟು ಉಳಿದೇ ಇರುತ್ತದೆ. ಸ್ಥಿರವಾಗಿರುವ ಹೃದ್ರೋಗಿಗಳಿಗೆ ಪ್ಯಾಚ್ ಸುರಕ್ಷಿತ. ಹೃದಯಾಘಾತವಾಗಿ ಎರಡು ವಾರ ತುಂಬದವರು, ನಾಡಿಬಡಿತ ತೀವ್ರವಾಗಿ ಏರುಪೇರಾಗುವವರು ಮಾತ್ರ ವೈದ್ಯರ ನಿಗಾದಲ್ಲಿ ಬಳಸಬೇಕು. ನಾಲ್ಕೇ ಸೇದುವುದರಿಂದ ಅವರಿಗೆ ಎಷ್ಟು ಪ್ರಮಾಣದ್ದು ಬೇಕೆಂದು ಅವರ ಹೃದ್ರೋಗ ತಜ್ಞರನ್ನು ಕೇಳಿ. ಇನ್ನು ವಯಸ್ಸಿನ ಮಾತು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ಅಧ್ಯಯನದಲ್ಲಿ, ಬಿಡದೆ ಸೇದಿದವರು ಸರಾಸರಿ ಹತ್ತು ವರ್ಷ ಆಯುಸ್ಸು ಕಳೆದುಕೊಂಡಿದ್ದರು. 50ರಲ್ಲಿ ಬಿಟ್ಟವರಿಗೆ ಅದರಲ್ಲಿ ಆರು ವರ್ಷ ಮರಳಿ ಸಿಕ್ಕಿತ್ತು, 60ರಲ್ಲಿ ಬಿಟ್ಟವರಿಗೆ ಮೂರು. ಅವರಿಗೆ ಮೊಮ್ಮಕ್ಕಳಿದ್ದರೆ, ಆ ಮೂರು ವರ್ಷ ಎಂದರೆ ಎಷ್ಟೆಂದು ಅವರಿಗೇ ತಿಳಿಯುತ್ತದೆ.

ಪ್ರಶ್ನೆ: ಸಿಗರೇಟು ಬಿಟ್ಟು ಏಳು ತಿಂಗಳಾಯಿತು, ಆದರೆ ದಿನಕ್ಕೆ ಆರು ನಿಕೋಟಿನ್ ಗಮ್ ಇನ್ನೂ ಬೇಕು. ತಪ್ಪೇ?

ಉತ್ತರ: ತಪ್ಪಲ್ಲ. ಮತ್ತೆ ಸಿಗರೇಟಿಗೆ ಮರಳುವುದಕ್ಕಿಂತ ಇದು ಎಷ್ಟೋ ಮೇಲು. ಅವಸರದಿಂದ ಒಮ್ಮೆಗೇ ನಿಲ್ಲಿಸಬೇಡಿ. ವಾರಕ್ಕೊಂದರಂತೆ ಕಡಿಮೆ ಮಾಡಿ, 4 ಮಿಲಿಗ್ರಾಂನದ್ದಾಗಿದ್ದರೆ ಮೊದಲು 2ಕ್ಕೆ ಬದಲಿಸಿ, ನಡುವೆ ನಿಕೋಟಿನ್ ಇಲ್ಲದ ಸಾಮಾನ್ಯ ಗಮ್ ಅಗಿಯಿರಿ. ಕೊನೆಯ ಒಂದೆರಡು ಗಮ್ ಬಿಡುವುದು ಕಷ್ಟವೆನಿಸಿದರೆ ಅವುಗಳನ್ನು ಅರ್ಧ ತುಂಡು ಮಾಡಿ ಬಳಸಿ, ಮತ್ತು ಹಲ್ಲು ವಸಡುಗಳನ್ನು ಒಮ್ಮೆ ದಂತವೈದ್ಯರಿಗೆ ತೋರಿಸಿ.