ಚೀಲದ ಜೋಳಕ್ಕೆ ಬಿದ್ದ ನುಸಿಯನ್ನು ಮೈಕ್ರೋವೇವ್ ಬಿಸಿಯಿಂದ ಕೊಲ್ಲಬಹುದೇ?

ಕೊಲ್ಲಬಹುದು. ಆದರೆ ನಮ್ಮ ಅಕ್ಕಲಕೋಟೆ, ಜತ್ತ ಕಡೆ ಮನೆಯಲ್ಲಿ ಚೀಲಗಟ್ಟಲೆ ಇಡುವ ಜೋಳಕ್ಕೆ ಇದು ಸದ್ಯಕ್ಕೆ ಕೈಗೆಟಕುವ ಉಪಾಯವಲ್ಲ.

ನುಸಿಯ ತಾಯಿಹುಳ ಕಾಳಿಗೆ ಸಣ್ಣ ತೂತು ಕೊರೆದು, ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಮುಚ್ಚಿಬಿಡುತ್ತದೆ. ಮರಿ ಒಳಗೇ ತಿಂದು ಬೆಳೆಯುತ್ತದೆ. ಸುಮ್ನೆ ಜರಡಿ ಹಿಡಿದರೆ ಹೊರಗಿನ ಹುಳ ಮಾತ್ರ ಉದುರುತ್ತದೆ, ಅಲ್ವಾ? ಮೈಕ್ರೋವೇವ್ ಕೂಡ ಒಂದು ಬಗೆಯ ರೇಡಿಯೋ ತರಂಗವೇ. ಇಂಥ ತರಂಗ ಕಾಳಿನೊಳಕ್ಕೇ ನುಗ್ಗಿ ಬಿಸಿ ಮಾಡುತ್ತದೆ. ಒಣ ಕಾಳಿನಲ್ಲಿ ನೀರು ಶೇ. 12ರ ಆಸುಪಾಸು, ಹುಳದ ಮೈಯಲ್ಲಿ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಹುಳವೇ ಜಾಸ್ತಿ ಕಾಯುತ್ತದೆ. 55–60 ಡಿಗ್ರಿ ಬಿಸಿ ಕೆಲವು ನಿಮಿಷ ನಿಂತರೆ ಒಳಗಿನ ಮರಿಯೂ ಉಳಿಯುವುದಿಲ್ಲ. ಇದಕ್ಕೆ 27.12 ಮೆಗಾಹರ್ಟ್ಸ್ (ಸೆಕೆಂಡಿಗೆ ಸುಮಾರು 2.7 ಕೋಟಿ ಸಲ ಕಂಪಿಸುವ ಅಲೆಯ) ಯಂತ್ರ ಒಳ್ಳೆಯದು. ಅಡುಗೆಮನೆಯ ಮೈಕ್ರೋವೇವ್ 2,450 ಮೆಗಾಹರ್ಟ್ಸ್‌ನದು, ಅದರ ಅಲೆ ರಾಶಿಯಲ್ಲಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಯಂತ್ರ ದುಬಾರಿ. ಬಿಸಿ ಒಂದೇ ಸಮ ಹರಡುವುದಿಲ್ಲ. ಒಂದು ಕಡೆ ಕಾಳು ಸುಟ್ಟರೆ ಇನ್ನೊಂದು ಕಡೆ ಹುಳ ಆರಾಮಾಗಿರುತ್ತದೆ! ಬಿತ್ತನೆ ಬೀಜಕ್ಕಂತೂ ಬೇಡವೇ ಬೇಡ, ಬಿಸಿ ಹೆಚ್ಚಾದರೆ ಮೊಳಕೆ ಸಾಯುತ್ತದೆ. ಔಷಧಿಯ ಅಂಶ ಉಳಿಯುವುದಿಲ್ಲವಾದ್ದರಿಂದ ತಿನ್ನಲು ಸುರಕ್ಷಿತ, ಆದರೆ ಮತ್ತೆ ಹುಳ ಬೀಳುವುದನ್ನೂ ತಡೆಯುವುದಿಲ್ಲ.

ತಿನ್ನುವ ಜೋಳವಾದರೆ ಏಪ್ರಿಲ್ ಬಿಸಿಲಲ್ಲಿ ಕಪ್ಪು ತಾಡಪತ್ರಿ ಮೇಲೆ ತೆಳ್ಳಗೆ ಹರವಿ, ಚೆನ್ನಾಗಿ ಒಣಗಿ ತಣ್ಣಗಾದ ಮೇಲೆ ಗಾಳಿಯಾಡದ ಡ್ರಮ್ಮಿಗೆ ತುಂಬಿಡಿ.